ಕುದುರೆಮರಿಯ ಹೊಕ್ಕುಳ ಹರ್ನಿಯಾ: ಸಾಕುವವರು ತಿಳಿದಿರಬೇಕಾದ ವಿಷಯಗಳು

ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಇಷ್ಟು ದೀರ್ಘಕಾಲ ಕಾದು ಪಡೆದ ಮರಿಯ ಹೊಕ್ಕುಳಿನಲ್ಲಿ ನಿಂಬೆಹಣ್ಣಿನ ಗಾತ್ರದ ಊತವೊಂದು ಕಾಣಿಸಿಕೊಂಡರೆ ಸಾಕುವವರು ಗಾಬರಿಗೊಳ್ಳುವುದು ಸಹಜ. ಗಾಡಿ ಹೂಡಿಯೋ, ಮದುವೆಯ ಮೆರವಣಿಗೆಗೆ ಕುದುರೆ ಒದಗಿಸಿಯೋ ಜೀವನ ಸಾಗಿಸುವ ಕುಟುಂಬಕ್ಕೆ ಒಂದು ಮರಿಯೆಂದರೆ ಹಲವು ವರ್ಷಗಳ ಭರವಸೆ. ಇಂತಹ ಊತ ಅನೇಕ ವೇಳೆ ಹೊಕ್ಕುಳ ಹರ್ನಿಯಾ ಆಗಿರುತ್ತದೆ. ಹಲವು ಮರಿಗಳಲ್ಲಿ ಇದು ತಾನಾಗಿಯೇ ವಾಸಿಯಾಗುತ್ತದೆ; ಕೆಲವು ಮರಿಗಳಲ್ಲಿ ಮಾತ್ರ ಪ್ರಾಣಕ್ಕೆ ಅಪಾಯ ತರುತ್ತದೆ. ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ಹರ್ನಿಯಾ ಎಂದರೇನು?

ಗರ್ಭದಲ್ಲಿರುವಾಗ ಮರಿಗೆ ರಕ್ತದ ಮೂಲಕ ಪೋಷಣೆ ದೊರೆಯುವುದು ಹೊಕ್ಕುಳ ಬಳ್ಳಿಯಿಂದ. ಈ ಬಳ್ಳಿ ಹಾದುಬರುವ ರಂಧ್ರವು ಜನನದ ನಂತರ ಮುಚ್ಚಿಕೊಳ್ಳಬೇಕು. ಹಾಗೆ ಮುಚ್ಚದಿದ್ದಾಗ ಹೊಟ್ಟೆಯೊಳಗಿನ ಕೊಬ್ಬಿನ ಪದರ ಅಥವಾ ಕರುಳಿನ ಭಾಗವು ರಂಧ್ರದ ಮೂಲಕ ಹೊರಚಾಚಿ ಚರ್ಮದ ಕೆಳಗೆ ಚೀಲದಂತೆ ನಿಲ್ಲುತ್ತದೆ. ಇದು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ ದೋಷ. ವಂಶಪಾರಂಪರ್ಯವೂ ಇದಕ್ಕೆ ಕಾರಣವಿರಬಹುದು. ಹೊಕ್ಕುಳಿನ ಸೋಂಕು ಮತ್ತು ಪೆಟ್ಟು ಇತರ ಕಾರಣಗಳು.

ಗುರುತಿಸುವ ಬಗೆ

ಸರಳ ಹರ್ನಿಯಾ ಮೃದುವಾಗಿದ್ದು ನೋವು ಕೊಡುವುದಿಲ್ಲ. ಮೆಲ್ಲನೆ ಒತ್ತಿದರೆ ಒಳಗಿನ ವಸ್ತು ಹೊಟ್ಟೆಗೆ ಹಿಂದಿರುಗುತ್ತದೆ. ಆಗ ರಂಧ್ರದ ಅಂಚು ಉಂಗುರದಂತೆ ಬೆರಳಿಗೆ ತಗಲುತ್ತದೆ. ಹೊಕ್ಕುಳು ಬಿಸಿಯಾಗಿ, ಗಟ್ಟಿಯಾಗಿ, ಕೀವು ಒಸರುತ್ತಿದ್ದರೆ ಅದು ಸೋಂಕು. ಈ ಸೋಂಕು ರಕ್ತದ ಮೂಲಕ ಕೀಲುಗಳಿಗೆ ಹರಡಿ ಮರಿಯನ್ನು ಕುಂಟಾಗಿಸಬಲ್ಲದು. ಹೊಕ್ಕುಳಿನಿಂದ ಮೂತ್ರ ತೊಟ್ಟಿಕ್ಕುವುದು ಮತ್ತೊಂದು ಬಗೆಯ ದೋಷ. ಇವೆರಡಕ್ಕೂ ಕೂಡಲೇ ಚಿಕಿತ್ಸೆ ಬೇಕು. ಊತ ಯಾವ ಬಗೆಯದೆಂಬ ಸಂದೇಹವಿದ್ದಲ್ಲಿ ಪಶುವೈದ್ಯರು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ನಿರ್ಧರಿಸುತ್ತಾರೆ.

ಕಾಯಬಹುದಾದ ಸಂದರ್ಭ

ರಂಧ್ರವು 5 ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು, ಊತ ಸುಲಭವಾಗಿ ಒಳಹೋಗುತ್ತಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬಹುದು. ಮರಿ ಬೆಳೆದಂತೆ ಅನೇಕ ವೇಳೆ ರಂಧ್ರ ಮುಚ್ಚಿಕೊಳ್ಳುತ್ತದೆ. ಪಶುವೈದ್ಯರಿಂದ ಕಲಿತುಕೊಂಡು ಶುಚಿಯಾದ ಕೈಯಿಂದ ಪ್ರತಿದಿನ ಊತವನ್ನು ಮೆಲ್ಲನೆ ಒಳಕ್ಕೆ ಒತ್ತಬೇಕು. ಹೀಗೆ ಮಾಡುವುದರಿಂದ ಊತದಲ್ಲಾಗುವ ಬದಲಾವಣೆಯೂ ಒಡನೆಯೇ ಗಮನಕ್ಕೆ ಬರುತ್ತದೆ.

ತುರ್ತು ಲಕ್ಷಣಗಳು

ಊತವು ಹಠಾತ್ತನೆ ದೊಡ್ಡದಾಗುವುದು, ಗಟ್ಟಿಯಾಗಿ ಬಿಸಿಯಾಗುವುದು, ಮುಟ್ಟಿದರೆ ಮರಿ ನೋವಿನಿಂದ ಸರಿಯುವುದು, ಒತ್ತಿದರೂ ಒಳಹೋಗದಿರುವುದು, ಮರಿ ಹಾಲು ಬಿಡುವುದು, ಹೊಟ್ಟೆನೋವಿನಿಂದ ಹೊರಳಾಡುವುದು: ಇವು ಕರುಳು ರಂಧ್ರದಲ್ಲಿ ಸಿಕ್ಕಿಕೊಂಡಿರುವ ಸೂಚನೆಗಳು. ರಕ್ತಸಂಚಾರ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಆಗ ಒತ್ತುವ ಪ್ರಯತ್ನವನ್ನು ಕೈಬಿಟ್ಟು, ಹಗಲಿರುಳೆನ್ನದೆ ಪಶುವೈದ್ಯರನ್ನು ಕರೆಯಬೇಕು.

ಶಸ್ತ್ರಚಿಕಿತ್ಸೆ

ರಂಧ್ರ ದೊಡ್ಡದಾಗಿದ್ದರೆ ಅಥವಾ ಆರು ತಿಂಗಳ ವಯಸ್ಸಿನಲ್ಲೂ ಮುಚ್ಚದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಸಲಹೆ ನೀಡಲಾಗುತ್ತದೆ. ಮರಿಗೆ ಪೂರ್ಣ ಅರಿವಳಿಕೆ ಕೊಟ್ಟು, ಬೆನ್ನಿನ ಮೇಲೆ ಮಲಗಿಸಿ, ರಂಧ್ರದ ಅಂಚುಗಳನ್ನು ಹೊಲಿಯಲಾಗುತ್ತದೆ. ಬಹಳ ದೊಡ್ಡ ರಂಧ್ರಕ್ಕೆ ಕೃತಕ ಜಾಲರಿಯನ್ನು ಅಳವಡಿಸುವುದುಂಟು. ಧನುರ್ವಾಯುವಿನ ರಕ್ಷಣೆ ಇದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ನಂತರ ಕೆಲವು ವಾರ ಮರಿಯನ್ನು ಓಡಾಡಬಿಡದೆ ಲಾಯದಲ್ಲಿಯೇ ಇರಿಸಬೇಕು. ಮುಂಬಯಿಯ ಪರೇಲ್, ಚೆನ್ನೈನ ವೇಪೇರಿ ಮತ್ತು ಹೈದರಾಬಾದಿನ ರಾಜೇಂದ್ರನಗರಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸ್ಥಳೀಯ ಪಶುವೈದ್ಯರ ಸಲಹೆ ಪಡೆದು ಇಂತಹ ಸಂಸ್ಥೆಗಳಲ್ಲಿ ವಿಚಾರಿಸಬಹುದು.

ಮಾಡಬಾರದ ಕೆಲಸಗಳು

ಊತವನ್ನು ಕುರುವೆಂದು ಭಾವಿಸಿ ಕೊಯ್ಯುವುದಾಗಲಿ, ಚುಚ್ಚುವುದಾಗಲಿ ಸಲ್ಲದು. ಒಳಗಿರುವುದು ಕರುಳಾಗಿದ್ದರೆ ಮರಿ ಉಳಿಯುವುದು ಕಷ್ಟ. ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದರಿಂದ ನೋವು ಮತ್ತು ಹುಣ್ಣಿನ ಹೊರತು ಪ್ರಯೋಜನವಿಲ್ಲ. ವೈದ್ಯರ ಸಲಹೆಯಿಲ್ಲದೆ ಹೊಟ್ಟೆಗೆ ಬಿಗಿಯಾದ ಪಟ್ಟಿ ಕಟ್ಟುವುದೂ, ಊತದ ಬುಡಕ್ಕೆ ದಾರ ಬಿಗಿಯುವುದೂ ಅಪಾಯಕರ.

ಮುನ್ನೆಚ್ಚರಿಕೆ

ಹೆರಿಗೆಯ ಸ್ಥಳ ಶುಚಿಯಾಗಿ, ಒಣಗಿರಲಿ. ಹೊಕ್ಕುಳ ಬಳ್ಳಿಯನ್ನು ಅವಸರದಿಂದ ಕತ್ತರಿಸಬಾರದು. ತಾಯಿ ಎದ್ದಾಗ ಅಥವಾ ಮರಿ ಮಿಸುಕಾಡಿದಾಗ ಅದು ತಾನಾಗಿ ತುಂಡಾಗುತ್ತದೆ. ಬಳಿಕ ವೈದ್ಯರು ಸೂಚಿಸಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಹೊಕ್ಕುಳನ್ನು ಅದ್ದಬೇಕು. ತೀಕ್ಷ್ಣವಾದ ಅಯೋಡಿನ್ ಚರ್ಮವನ್ನು ಸುಡುತ್ತದೆ. ಹುಟ್ಟಿದ ಮೊದಲ ಕೆಲವು ಗಂಟೆಗಳೊಳಗೆ ಮರಿ ಗಿಣ್ಣುಹಾಲು ಕುಡಿಯುವಂತೆ ನೋಡಿಕೊಳ್ಳಬೇಕು. ಒಂದು ದಿನ ಕಳೆದ ಮೇಲೆ ಅದರ ರೋಗನಿರೋಧಕ ಅಂಶಗಳನ್ನು ಕರುಳು ಹೀರಿಕೊಳ್ಳುವುದಿಲ್ಲ. ಹರ್ನಿಯಾ ಇದ್ದ ಪ್ರಾಣಿಯನ್ನು ಮುಂದೆ ಸಂತಾನೋತ್ಪತ್ತಿಗೆ ಬಳಸುವ ಮೊದಲು ವೈದ್ಯರೊಡನೆ ಚರ್ಚಿಸುವುದು ಹಿತಕರ.

ಪ್ರತಿದಿನ ಒಂದೆರಡು ನಿಮಿಷ ಮರಿಯ ಹೊಕ್ಕುಳನ್ನು ಪರೀಕ್ಷಿಸುವ ರೂಢಿಯಿಂದ ಅದರ ಪ್ರಾಣವನ್ನು ಉಳಿಸಬಹುದು.