ಕಾಲು ಕಳೆದುಕೊಂಡ ಸೈನಿಕರಿಗೆ ಗಾಲ್ಫ್ ಯಾಕೆ?

ಕರಾವಳಿಯಲ್ಲಿ ‘ಗಲ್ಫ್’ ಗೊತ್ತಿಲ್ಲದ ಮನೆಯಿಲ್ಲ. ಆದರೆ ‘ಗಾಲ್ಫ್’ ಅಂದರೆ ದುಡ್ಡಿದ್ದವರ ಆಟ ಎಂದು ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಮೆರಿಕದ ಟಕೋಮಾ ನಗರದ ಸಮೀಪ ಇರುವ ‘ಅಮೆರಿಕನ್ ಲೇಕ್ ವೆಟರನ್ಸ್ ಗಾಲ್ಫ್ ಕೋರ್ಸ್’ನ ಕತೆಯೇ ಬೇರೆ. ಗಾಯಗೊಂಡ, ಅಂಗವಿಕಲರಾದ ಮಾಜಿ ಸೈನಿಕರ ಚೇತರಿಕೆಗಾಗಿಯೇ ಇರುವ ಮೈದಾನ ಅದು. 1990ರ ದಶಕದಲ್ಲಿ ಸರಕಾರದ ಹಣ ನಿಂತಾಗ ಸ್ವಯಂಸೇವಕರು ಅದನ್ನು ವಹಿಸಿಕೊಂಡರು. 9 ಹೋಲ್‌ಗಳ ಮೈದಾನ ಈಗ 18ಕ್ಕೆ ಬೆಳೆದಿದೆ. ಹೊಸ 9ನ್ನು ಖ್ಯಾತ ಆಟಗಾರ ಜ್ಯಾಕ್ ನಿಕ್ಲಾಸ್ ಶುಲ್ಕವಿಲ್ಲದೆ ವಿನ್ಯಾಸ ಮಾಡಿಕೊಟ್ಟರು.

ಕಾಲಿಲ್ಲದೆ ಆಡುವುದು ಹೇಗೆ? ಒಬ್ಬರೇ ಕೂರುವ ಬ್ಯಾಟರಿ ಗಾಡಿಗಳಿವೆ. ಸೀಟು ಪಕ್ಕಕ್ಕೆ ತಿರುಗುತ್ತದೆ, ಕೂತಲ್ಲಿಂದಲೇ ಚೆಂಡಿಗೆ ಹೊಡೆಯಬಹುದು. ‘ಪ್ಯಾರಾಗಾಲ್ಫರ್’ ಎಂಬ ಮೂರು ಚಕ್ರದ ಗಾಡಿಯಂತೂ ಸೊಂಟದ ಕೆಳಗೆ ಬಲವಿಲ್ಲದವರನ್ನು ಬೆಲ್ಟ್ ಕಟ್ಟಿ ಎತ್ತಿ ನಿಲ್ಲಿಸುತ್ತದೆ. ವರ್ಷಗಟ್ಟಲೆ ಎಲ್ಲರನ್ನೂ ತಲೆ ಎತ್ತಿ ನೋಡಿದವನಿಗೆ ಎದುರಿನವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಆಗುವುದು ಸಣ್ಣ ಸಂಗತಿಯೇನಲ್ಲ. ಕೃತಕ ಕಾಲಿನವರಿಗೆ ಬೇರೆಯೇ ಲಾಭ. ಕೋಲು ಬೀಸುವಾಗ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯಬೇಕು, ಸೊಂಟ ತಿರುಗಬೇಕು, ಬೀಳಬಾರದು. ಆಸ್ಪತ್ರೆಯ ಕೋಣೆಯಲ್ಲಿ ಬೇಸರ ಹಿಡಿಸುವ ಇಂಥದೇ ವ್ಯಾಯಾಮ ಮೈದಾನದಲ್ಲಿ ಆಟದ ಹುರುಪಿನಲ್ಲಿ ಮರೆತೇ ಹೋಗುತ್ತದೆ.

ಇದು ಇವತ್ತಿನ ಶೋಧವೂ ಅಲ್ಲ. ಬ್ರಿಟಿಷ್ ವಾಯುಪಡೆಯ ಡಗ್ಲಸ್ ಬೇಡರ್ 1931ರ ವಿಮಾನ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡವರು. ಕೃತಕ ಕಾಲಿನಲ್ಲಿ ಗಾಲ್ಫ್ ಕಲಿಯುವಾಗ ಮೊದಮೊದಲು ಬೀಸಿದಾಗೆಲ್ಲ ಬಿದ್ದರು. ಕೊನೆಗೆ ಒಳ್ಳೆಯ ಆಟಗಾರರೇ ಆದರು, ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನವನ್ನೂ ಹಾರಿಸಿದರು.

ಫುಟ್ಬಾಲ್ ಬಿಟ್ಟು ಗಾಲ್ಫೇ ಯಾಕೆಂದರೆ, ಇಲ್ಲಿ ಚೆಂಡು ಕಾಯುತ್ತದೆ. ಓಡುವುದಿಲ್ಲ, ಯಾರೂ ಮೈಮೇಲೆ ಬೀಳುವುದಿಲ್ಲ. ‘ಹ್ಯಾಂಡಿಕ್ಯಾಪ್’ ಎಂಬುದು ಇಲ್ಲಿ ಎಲ್ಲ ಮಟ್ಟದ ಆಟಗಾರರಿಗೂ ಇರುವ ಲೆಕ್ಕ. ಕಡಿಮೆ ಆಡುವವನಿಗೆ ಇಷ್ಟು ಹೊಡೆತ ರಿಯಾಯಿತಿ ಎಂದರ್ಥ. ಹಾಗಾಗಿ ಒಂದು ಕಾಲಿನ ತಂದೆ, ಎರಡು ಕಾಲಿನ ಮಗ ನಿಜವಾಗಿಯೇ ಪೈಪೋಟಿ ನಡೆಸಬಹುದು. ಮಗ ಬೇಕೆಂದೇ ಸೋಲಬೇಕಾಗಿಲ್ಲ.

ಯುದ್ಧದ ದುಃಸ್ವಪ್ನಗಳನ್ನು ಗಾಲ್ಫ್ ಒಂದೇ ವಾಸಿ ಮಾಡದು, ಮದ್ದು ಮತ್ತು ಕೌನ್ಸೆಲಿಂಗ್ ಬೇಕೇ ಬೇಕು. ಆದರೆ ಕೋಣೆ ಬಿಟ್ಟು ಹೊರಡಲು ಒಂದು ಕಾರಣ, ಅದೇ ನೋವು ತಿಂದವರ ಜೊತೆ ಸಿಗುತ್ತದೆ. ಅಮೆರಿಕದ ವೃತ್ತಿಪರ ಗಾಲ್ಫ್ ತರಬೇತುದಾರರ ಸಂಸ್ಥೆ ‘ಪಿಜಿಎ ಹೋಪ್’ ಹೆಸರಿನಲ್ಲಿ ಮಾಜಿ ಸೈನಿಕರಿಗೆ ಉಚಿತವಾಗಿ ಆಟ ಕಲಿಸುತ್ತಿದೆ. 2023ರಿಂದ ಆಟದ ನಿಯಮಪುಸ್ತಕದಲ್ಲೇ ಅಂಗವಿಕಲರಿಗಾಗಿ 25ನೇ ನಿಯಮ ಸೇರಿದೆ. ಮರಳಿನ ಗುಂಡಿಯಲ್ಲಿ ಹೊಡೆಯುವ ಮುಂಚೆ ಚೆಂಡಿನ ಹತ್ತಿರದ ಮರಳಿಗೆ ಕೋಲು ತಾಗಿಸಿದರೆ ಉಳಿದವರಿಗೆ ದಂಡ ಬೀಳುತ್ತದೆ, ಕಣ್ಣು ಕಾಣದ ಆಟಗಾರನಿಗೆ ಅದಕ್ಕೆ ವಿನಾಯಿತಿ ಇದೆ.