ನೌಕರಿಯ ಮೆಡಿಕಲ್: ಭಯವೂ ಬೇಡ, ಬಚ್ಚಿಡುವುದೂ ಬೇಡ

ಅರ್ಜಿ ಹಾಕಿಯಾಗಿದೆ, ಸಂದರ್ಶನ ಮುಗಿದಿದೆ, ಆಯ್ಕೆಯಾದ ಸುದ್ದಿಯೂ ಬಂದಿದೆ. ಇನ್ನು ಉಳಿದಿರುವುದು ‘ಮೆಡಿಕಲ್’ ಒಂದೇ. ಆ ಒಂದು ವಾರದಲ್ಲಿ ದವಾಖಾನೆಗೆ ಬರುವವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. “ಡಾಕ್ಟ್ರೇ, ಶುಗರ್ ಇದೆ ಎಂದು ಹೇಳಬೇಕಾ?” “ರಕ್ತ ಕ್ಲಿಯರ್ ಆಗುವ ಮಾಜೂನು ಏನಾದರೂ ಇದೆಯಾ?” “ಹಿಂದೊಮ್ಮೆ ಟಿಬಿ ಆಗಿತ್ತು, ಎಕ್ಸ್‌ರೇಯಲ್ಲಿ ಕಾಣುತ್ತದಾ?” “ಗರ್ಭಿಣಿ ಎಂದು ತಿಳಿದರೆ ಕೆಲಸ ಹೋಗುತ್ತದಾ?”

ಈ ಪ್ರಶ್ನೆಗಳ ಹಿಂದೆ ಇಡೀ ಮನೆಯ ಅನ್ನದ ಚಿಂತೆ ಇದೆ. ಆದ್ದರಿಂದ ಯಾರನ್ನೂ ಗದರಿಸಿ ಕಳುಹಿಸುವಂತಿಲ್ಲ. ಆದರೆ ಭಯದಲ್ಲಿ ಮಾಡುವ ಕೆಲವು ಕೆಲಸಗಳು ಕಾಯಿಲೆಗಿಂತ ಹೆಚ್ಚು ಹಾನಿ ಮಾಡುತ್ತವೆ. ಅವನ್ನು ತಪ್ಪಿಸಲು ಒಂದು ಸರಳ ದಾರಿಯಿದೆ: ಕಂಪೆನಿ ನಿಮ್ಮನ್ನು ಪರೀಕ್ಷಿಸುವ ಮೊದಲು ನೀವೇ ಪರೀಕ್ಷಿಸಿಕೊಳ್ಳಿ.

ಹಣ ಕಟ್ಟುವ ಮೊದಲು ಪರೀಕ್ಷೆ

ನಮ್ಮಲ್ಲಿ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಮೊದಲು ಏಜೆಂಟರಿಗೆ ಹಣ ಕೊಡುತ್ತೇವೆ, ಇದ್ದ ಕೆಲಸ ಬಿಡುತ್ತೇವೆ, ಮನೆಯ ಒಡವೆ ಅಡವಿಡುತ್ತೇವೆ. ಕೊನೆಗೆ ಮೆಡಿಕಲ್‌ಗೆ ಹೋಗುತ್ತೇವೆ. ಅಲ್ಲಿ ‘ಅನ್‌ಫಿಟ್’ ಎಂದು ಬಂದರೆ ಕಾಯಿಲೆಯ ಜೊತೆಗೆ ಸಾಲವೂ ತಲೆಯ ಮೇಲೆ ಬೀಳುತ್ತದೆ.

ಗಲ್ಫ್ ದೇಶಗಳ ಕೆಲಸದ ವೀಸಾಕ್ಕಾಗಿ ನಡೆಯುವ ತಪಾಸಣೆಯನ್ನು ಹಿಂದೆ ‘ಗಮ್ಕಾ’ ಎನ್ನುತ್ತಿದ್ದರು, ಈಗ ‘ವಾಫಿದ್’ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಮಲ ಮೂತ್ರ ಪರೀಕ್ಷೆ ಇರುತ್ತವೆ. ಮಹಿಳೆಯರಿಗೆ ಗರ್ಭ ಪರೀಕ್ಷೆಯೂ ಇದೆ. ಇವನ್ನು ಊರಿನ ಯಾವುದೇ ಒಳ್ಳೆಯ ಲ್ಯಾಬ್‌ನಲ್ಲಿ ಎರಡು ಮೂರು ತಿಂಗಳು ಮೊದಲೇ ಮಾಡಿಸಬಹುದು. ಏನಾದರೂ ಕಂಡುಬಂದರೆ ಚಿಕಿತ್ಸೆಗೆ ಸಮಯ ಸಿಗುತ್ತದೆ, ಕೈಯಲ್ಲಿರುವ ಹಣವೂ ಉಳಿಯುತ್ತದೆ.

ಇನ್ನೊಂದು ಮಾತು. ಇಲ್ಲಿ ಬೇರೆಯವರ ಮೂತ್ರ ಕೊಟ್ಟೋ ಹಣ ಕೊಟ್ಟೋ ಪಾಸಾದವರೂ ಅಲ್ಲಿ ವಾಸದ ಪರವಾನಗಿಗೆ ಮುನ್ನ ಮತ್ತೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿ ಸಿಕ್ಕಿಬಿದ್ದರೆ ವಾಪಸ್ ಬರಬೇಕಾದೀತು. ಹಲಾಲ್ ಸಂಪಾದನೆಯ ದಾರಿಯ ಮೊದಲ ಹೆಜ್ಜೆಯೇ ಸುಳ್ಳಾಗುವುದು ಬೇಡ.

ಶುಗರ್, ಬಿಪಿ ಇದ್ದವರಿಗೆ

ಮೆಡಿಕಲ್‌ಗೆ ಮೂರು ದಿನ ಇರುವಾಗ ಊಟ ಬಿಡುವವರಿದ್ದಾರೆ. ಆ ದಿನದ ಸಕ್ಕರೆ ಸ್ವಲ್ಪ ಇಳಿದೀತು. ಆದರೆ ಈಗ ಅನೇಕ ಕಡೆ ಎಚ್‌ಬಿಎ1ಸಿ ಪರೀಕ್ಷೆ ಮಾಡುತ್ತಾರೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಲೆಕ್ಕ. ಮೂರು ದಿನದ ಉಪವಾಸ ಅದನ್ನು ಬದಲಿಸದು. ಇನ್ನು ಕೆಲವರು “ಮಾತ್ರೆ ತಿಂದರೆ ರಕ್ತದಲ್ಲಿ ಗೊತ್ತಾಗುತ್ತದೆ” ಎಂದು ಶುಗರ್, ಬಿಪಿ ಮಾತ್ರೆಗಳನ್ನೇ ನಿಲ್ಲಿಸುತ್ತಾರೆ. ಇದು ಅಪಾಯ. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಇನ್ನಷ್ಟು ಎದ್ದು ಕಾಣುತ್ತದೆ. ಹತೋಟಿಯಲ್ಲಿರುವ ಶುಗರ್ ಅನೇಕ ಕೆಲಸಗಳಿಗೆ ಅಡ್ಡಿಯಾಗುವುದಿಲ್ಲ, ಹತೋಟಿ ತಪ್ಪಿದ ಶುಗರ್ ಅಡ್ಡಿಯಾಗುತ್ತದೆ. ನಾನು ಯೂನಾನಿ ವೈದ್ಯ. ಆದರೂ ಹೇಳುತ್ತೇನೆ, ಅಲೋಪತಿ ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಯೂನಾನಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ.

ಬಿಪಿ ಮಾತ್ರ ಭಯಕ್ಕೂ ಏರುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಕಾಫಿ, ಸಿಗರೇಟು ಬೇಡ. ಮೂತ್ರ ತಡೆದು ಕೂರಬೇಡಿ. ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆಯಲು ಹೇಳಿ. ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡುವಂತೆ ಕೇಳುವುದರಲ್ಲಿ ಸಂಕೋಚವಿಲ್ಲ.

‘ಕ್ಲಿಯರ್’ ಮಾಡುವ ಔಷಧ ಇಲ್ಲ

ಒಂದು ವಾರದಲ್ಲಿ ರಕ್ತ ಶುದ್ಧಿ ಮಾಡಿ ಎಲ್ಲ ಪರೀಕ್ಷೆಯಲ್ಲೂ ಪಾಸು ಮಾಡಿಸುವ ಮಾಜೂನಾಗಲಿ ಕುಶ್ತಾ ಆಗಲಿ ಯೂನಾನಿಯಲ್ಲಿ ಇಲ್ಲ. ಹಾಗೆ ಮಾರುವವರನ್ನು ನಂಬಬೇಡಿ. ಸರಿಯಾಗಿ ಭಸ್ಮವಾಗದ ಕುಶ್ತಾ ಮೂತ್ರಪಿಂಡಕ್ಕೂ ಯಕೃತ್ತಿಗೂ ಹೊರೆ. ಲೇಬಲ್ ಇಲ್ಲದ ‘ತೂಕ ಹೆಚ್ಚಿಸುವ ಪುಡಿ’ಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದು ಶುಗರನ್ನೂ ಬಿಪಿಯನ್ನೂ ಏರಿಸುತ್ತದೆ. ಪಾಸಾಗಲೆಂದು ತಿಂದದ್ದೇ ಫೇಲಾಗಲು ಕಾರಣವಾಗಬಹುದು.

ಮಾದಕ ವಸ್ತುಗಳಿಗಾಗಿ ಮೂತ್ರ ಪರೀಕ್ಷೆ ಇರುವ ಕೆಲಸವಾದರೆ ಗಸಗಸೆಯ ಬಗ್ಗೆ ಎಚ್ಚರವಿರಲಿ. ಗಸಗಸೆ ಅಫೀಮು ಗಿಡದ್ದೇ ಬೀಜ. ಮದುವೆ ಮನೆಯಲ್ಲಿ ಗಸಗಸೆ ಪಾಯಸ ಕುಡಿದು ಮರುದಿನ ಮೂತ್ರ ಕೊಟ್ಟರೆ ಪರೀಕ್ಷೆ ಪಾಸಿಟಿವ್ ಬರಬಹುದು. ಯೂನಾನಿಯ ಶರ್ಬತ್ ಖಶ್‌ಖಾಶ್, ಖಮೀರಾ ಖಶ್‌ಖಾಶ್ ಇವುಗಳಲ್ಲೂ ಅದೇ ಗಿಡದ ಅಂಶವಿದೆ. ಬರ್ಶಾಶಾದಲ್ಲಿ ಅಫೀಮೇ ಇದೆ. ಕೋಡಿನ್ ಇರುವ ಕೆಮ್ಮಿನ ಸಿರಪ್‌ಗಳೂ ಇದೇ ಸಾಲಿಗೆ ಸೇರುತ್ತವೆ. ಇವನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ, ಚೀಟಿ ತೋರಿಸಿ. ಅಂದಹಾಗೆ, ಯುಎಇಯಂತಹ ದೇಶಕ್ಕೆ ಗಸಗಸೆ ಒಯ್ಯುವುದೇ ಅಪರಾಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆಯ ಗಂಟನ್ನು ಬಿಚ್ಚಿ ನೋಡಿ ಹೊರಡಿ.

ಹೆಪಟೈಟಿಸ್ ಬಿ ಪಾಸಿಟಿವ್ ಬಂದರೆ

ತನಗೆ ಈ ಸೋಂಕು ಇದೆ ಎಂದು ಅನೇಕರಿಗೆ ಮೊದಲು ತಿಳಿಯುವುದೇ ನೌಕರಿಯ ಮೆಡಿಕಲ್‌ನಲ್ಲಿ. ಎಷ್ಟೋ ಮನೆಗಳಲ್ಲಿ ಅಂದೇ ತಟ್ಟೆ, ಲೋಟ ಬೇರೆಯಾಗುತ್ತವೆ. ಅದು ಬೇಕಾಗಿಲ್ಲ. ಈ ಸೋಂಕು ಒಟ್ಟಿಗೆ ಉಣ್ಣುವುದರಿಂದ, ಮುಸಾಫಹಾ ಮಾಡುವುದರಿಂದ, ಆಲಿಂಗನದಿಂದ ಬರುವುದಿಲ್ಲ. ರಕ್ತದಿಂದ, ಶುಚಿಯಿಲ್ಲದ ಸೂಜಿಯಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ.

ಈ ವೈರಸ್ ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಆದ್ದರಿಂದ ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು ಕೇಳಿ. ಹಿಜಾಮಾ ಮಾಡಿಸುವಾಗ ಬ್ಲೇಡೂ ಕಪ್ಪೂ ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್‌ನಿಂದ ಬರಲಿ. ತೊಳೆದು ಮತ್ತೆ ಬಳಸುವ ಕಡೆ ಮಾಡಿಸಲೇಬೇಡಿ.

ಪಾಸಿಟಿವ್ ಬಂದ ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. ಯಕೃತ್ತಿನ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಚಿಕಿತ್ಸೆ ಉಚಿತ. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಲಿ.

ಎಕ್ಸ್‌ರೇ ಮತ್ತು ಟಿಬಿ

ಎಕ್ಸ್‌ರೇಗೆ ನಿಲ್ಲುವಾಗ ಸರ, ತಾಯಿತ, ಸ್ಕಾರ್ಫಿನ ಪಿನ್ನು ತೆಗೆದಿಡಿ. ಲೋಹದ ನೆರಳು ಪುಪ್ಪುಸದ ಕಲೆಯಂತೆ ಕಂಡು ಅನಗತ್ಯ ಗೊಂದಲವಾಗುತ್ತದೆ. ಮಹಿಳೆಯರು ಮಹಿಳಾ ಸಿಬ್ಬಂದಿಯನ್ನು ಕೇಳಬಹುದು. ಮುಟ್ಟು ತಡವಾಗಿದ್ದರೆ ಎಕ್ಸ್‌ರೇಗೆ ಮುನ್ನ ತಪ್ಪದೆ ಹೇಳಿ. ಮುಟ್ಟಿನ ದಿನಗಳಲ್ಲಿ ಮೂತ್ರದಲ್ಲಿ ರಕ್ತ ಕಾಣುವುದರಿಂದ ಅದನ್ನೂ ತಿಳಿಸಿ, ಸಾಧ್ಯವಾದರೆ ದಿನ ಬದಲಿಸಿ.

ವಾಸಿಯಾದ ಟಿಬಿಯೂ ಪುಪ್ಪುಸದಲ್ಲಿ ಕಲೆ ಬಿಟ್ಟು ಹೋಗಬಹುದು. ಈ ವಿಷಯದಲ್ಲಿ ಗಲ್ಫ್ ದೇಶಗಳ ನಿಯಮ ಕಠಿಣ. ಹಳೆಯ ಕಲೆಗೂ ಅನ್‌ಫಿಟ್ ಬರಬಹುದು. ಆದ್ದರಿಂದಲೇ ಹಣ ಕಟ್ಟುವ ಮೊದಲು ಎಕ್ಸ್‌ರೇ ಎನ್ನುತ್ತೇನೆ. ಊರಿನ ಕೆಲಸಗಳಿಗೆ ಹಳೆಯ ಎಕ್ಸ್‌ರೇ, ಚಿಕಿತ್ಸೆ ಪೂರ್ಣಗೊಂಡ ಚೀಟಿ ತೋರಿಸಿದರೆ ಬಹಳಷ್ಟು ಸಂಶಯ ನಿವಾರಣೆಯಾಗುತ್ತದೆ. ಈಗ ಟಿಬಿ ಇದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಸಾಮಾನ್ಯ ಟಿಬಿಗೆ 6 ತಿಂಗಳ ಚಿಕಿತ್ಸೆ. ಕೆಲಸ ಹೋದೀತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಮನೆ ಮಂದಿಗೂ ಹರಡುತ್ತದೆ.

ನಿಮ್ಮ ಪರವಾಗಿರುವ ನಿಯಮಗಳು

ನಮ್ಮ ದೇಶದಲ್ಲಿ ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. 2017ರ ಎಚ್‌ಐವಿ ಕಾಯ್ದೆ ಅದನ್ನು ತಾರತಮ್ಯ ಎನ್ನುತ್ತದೆ. ಹೊರದೇಶದ ವೀಸಾಕ್ಕೆ ಮಾತ್ರ ಆ ದೇಶದ ನಿಯಮವೇ ಅನ್ವಯ.

ಹೆರಿಗೆ ರಜೆಯಲ್ಲಿರುವಾಗ ಮಹಿಳೆಯನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಇದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಆ ಸಂಸ್ಥೆಯಲ್ಲಿ ದುಡಿದಿರಬೇಕು. 10 ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ.

ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತವಿದೆಯೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಈ ಸೌಲಭ್ಯವಿದೆ. ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತದೆ. ಟಿಬಿಯಂತಹ ದೀರ್ಘ ಕಾಯಿಲೆಗಳಿಗೆ ಅರ್ಹತೆ ಇದ್ದವರಿಗೆ ಇನ್ನೂ ಹೆಚ್ಚು ಕಾಲ ದೊರೆಯುತ್ತದೆ. ಈ ಹಕ್ಕು ತಿಳಿಯದೆ ಜ್ವರದಲ್ಲೇ ದುಡಿಯುವವರು ಬಹಳ.

ಹಿಂದಿನ ರಾತ್ರಿ, ಆ ದಿನ

ಯೂನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅಗತ್ಯವೆಂದು ಎಣಿಸಿದ ಆರರಲ್ಲಿ ನಿದ್ದೆಯೂ ಮನಸ್ಸಿನ ನೆಮ್ಮದಿಯೂ ಸೇರಿವೆ. ಹಿಂದಿನ ರಾತ್ರಿ ಇಶಾ ಮುಗಿಸಿ ಬೇಗ ಮಲಗಿ. ಬಿರಿಯಾನಿ, ಕರಿದ ತಿಂಡಿ ಒಂದು ದಿನ ಇರಲಿ. ಅಂದು ಜಿಮ್, ಭಾರಿ ವ್ಯಾಯಾಮ ಬೇಡ, ಅದರಿಂದ ಮೂತ್ರದಲ್ಲಿ ಪ್ರೋಟೀನ್ ಕಾಣಬಹುದು. ಬರಿ ಹೊಟ್ಟೆ ಎಂದಿದ್ದರೂ ನೀರು ಕುಡಿಯಬಹುದು. ಕನ್ನಡಕ, ಹಳೆಯ ವರದಿಗಳು, ಈಗಿನ ಔಷಧಗಳ ಪಟ್ಟಿ ಜೊತೆಗಿರಲಿ. ಫಾರ್ಮಿನಲ್ಲಿ ಕೇಳಿದ ಪ್ರಶ್ನೆಗೆ ನಿಜವನ್ನೇ ಬರೆಯಿರಿ, ಕೇಳದ್ದನ್ನು ಬರೆಯಬೇಕಾಗಿಲ್ಲ. ವರದಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ.

ಕೊನೆಗೆ ಮನೆಯವರಿಗೆ ಒಂದು ಮಾತು. ಮಗ ಅನ್‌ಫಿಟ್ ಆಗಿ ಬಂದರೆ “ಹೋದ ಮಾನ ಬರುತ್ತದಾ” ಎನ್ನಬೇಡಿ. ಯಕೃತ್ತಿನ ಸೋಂಕೋ ಪುಪ್ಪುಸದ ಕಲೆಯೋ ಹತ್ತು ವರ್ಷದ ನಂತರ ಪರದೇಶದ ಆಸ್ಪತ್ರೆಯಲ್ಲಿ ಗೊತ್ತಾಗುವ ಬದಲು ಈಗ ನಿಮ್ಮ ಮಧ್ಯೆ ಇರುವಾಗಲೇ ಗೊತ್ತಾಗಿದೆ. ಅನ್ನ ಕೊಡುವವನು ಅಲ್ಲಾಹನು, ಅದರ ದಾರಿಗಳು ಅನೇಕ. ಆದರೆ ಅವನು ಅಮಾನತ್ತಾಗಿ ಕೊಟ್ಟ ದೇಹ ಒಂದೇ. ಆ ವರದಿಯನ್ನು ಹರಿದು ಹಾಕದೆ, ನಾಳೆ ಬೆಳಗ್ಗೆ ವೈದ್ಯರ ಬಳಿಗೆ ಹಿಡಿದು ಹೋಗಿ.