ಕಪ್ಪು ಬಿಲ್ಲೆಯೊಳಗೆ ಇಣುಕುವ ನ್ಯೂಟ್ರಾನ್

ಬ್ಯಾಡಗಿಯವರಿಗೆ ಚಳಿ ಹೊಸದಲ್ಲ. ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯುವ ಕೋಲ್ಡ್ ಸ್ಟೋರೇಜುಗಳು ಊರ ಸುತ್ತ ಎದ್ದು ನಿಂತಿವೆ. ಆದರೆ ಅಲ್ಲಿಯದು ನೀರು ಹೆಪ್ಪುಗಟ್ಟುವಷ್ಟೂ ಅಲ್ಲದ ಚಳಿ. ಹಾವೇರಿ ಜಿಲ್ಲೆಯಲ್ಲಿ ಭಾರಿ ಚಳಿ ಬೇಕೆಂದರೆ ಪಶು ಆಸ್ಪತ್ರೆಗೆ ಹೋಗಬೇಕು. ಹಾವೇರಿಯಾಗಲಿ, ರಾಣೆಬೆನ್ನೂರಾಗಲಿ, ಆಕಳು ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಸ್ಟ್ರಾಗಳನ್ನು ಮುಳುಗಿಸಿಟ್ಟ ಅಲ್ಯೂಮಿನಿಯಂ ಕ್ಯಾನು ಅಲ್ಲಿರುತ್ತದೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತದೆ. ಒಳಗಿರುವುದು ದ್ರವ ಸಾರಜನಕ. ಅದರ ಉಷ್ಣತೆ ಮೈನಸ್ 196 ಡಿಗ್ರಿ, ಅಂದರೆ 77 ಕೆಲ್ವಿನ್.

ಈ ಕ್ಯಾನಿನ ಚಳಿಗೆ ಭೌತವಿಜ್ಞಾನದಲ್ಲಿ ಬೆಲೆ ಬಂದದ್ದು 1987ರಲ್ಲಿ. ಅಲ್ಲಿಯವರೆಗೆ ಅತಿವಾಹಕ ಎಂದರೆ ದ್ರವ ಹೀಲಿಯಂನ ಮಾತು. 1911ರಲ್ಲಿ ಹಾಲೆಂಡಿನ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ಗೆ ಇಳಿಸಿದಾಗ ಅದರ ವಿದ್ಯುತ್ ರೋಧ ಪೂರ್ತಿ ಮಾಯವಾಗಿತ್ತು. ನಮ್ಮ ಜಿಲ್ಲೆಯ ರೋಗಿಗಳನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಕರೆದೊಯ್ದು ಮಾಡಿಸುವ ಎಂಆರ್‌ಐ ಸ್ಕ್ಯಾನಿನ ದೊಡ್ಡ ಯಂತ್ರಗಳಲ್ಲಿರುವುದೂ ಹೀಲಿಯಂನಲ್ಲಿ ತಣಿಸಿದ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಯೇ. ಇಂಥ ಲೋಹಗಳ ಗುಟ್ಟನ್ನು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಬಿಡಿಸಿದರು. ಪರಮಾಣುಗಳ ಕಂಪನ ಎಲೆಕ್ಟ್ರಾನುಗಳನ್ನು ಜೋಡಿಗೂಡಿಸುತ್ತದೆ, ಜೋಡಿಯಾದವು ತಡೆಯಿಲ್ಲದೆ ಹರಿಯುತ್ತವೆ. ವಿಷಯ ಅಲ್ಲಿಗೆ ಮುಗಿಯಿತು ಎಂದೇ ಬಹಳ ಮಂದಿ ತಿಳಿದಿದ್ದರು.

1986ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದ ಬೆಡ್ನಾರ್ಜ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡೊಂದರಲ್ಲಿ ಸುಮಾರು 30 ಕೆಲ್ವಿನ್‌ನಲ್ಲೇ ಅತಿವಾಹಕತೆಯ ಸುಳಿವು ಕಂಡರು. ಮರುವರ್ಷದ ಆರಂಭದಲ್ಲಿ ಅಮೆರಿಕದಲ್ಲಿ ಪಾಲ್ ಚು, ಎಂ.ಕೆ. ವು ಮತ್ತು ಸಂಗಡಿಗರು ಯಿಟ್ರಿಯಂ, ಬೇರಿಯಂ, ತಾಮ್ರ ಸೇರಿಸಿ 93 ಕೆಲ್ವಿನ್ ಮುಟ್ಟಿದರು. ದ್ರವ ಸಾರಜನಕದ 77 ಕೆಲ್ವಿನ್ ದಾಟಿದ್ದು ಹೀಗೆ. ಅವರ ತುಣುಕಿನಲ್ಲಿ ಹಸಿರು, ಕಪ್ಪು ಎರಡೂ ಬೆರೆತಿದ್ದವು. ಕಪ್ಪು ಭಾಗವೇ ಅತಿವಾಹಕ, ಅದರಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರ 1:2:3ರ ಪ್ರಮಾಣದಲ್ಲಿವೆ ಎಂದು ಗುರುತಿಸಿದ ಮೊದಲ ಗುಂಪುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಅವರ ಗುಂಪೂ ಒಂದು.

ಈ ಕಪ್ಪು ಬಿಲ್ಲೆ ಮಾಡಲು ದೊಡ್ಡ ಕಾರ್ಖಾನೆ ಬೇಡ. ಯಿಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ತಾಮ್ರದ ಆಕ್ಸೈಡುಗಳನ್ನು ತೂಗಿ, ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅರೆದು, 900 ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ ಬೇಯಿಸಬೇಕು. ಮತ್ತೆ ಅರೆದು, ಬಿಲ್ಲೆ ಒತ್ತಿ, ಆಮ್ಲಜನಕ ಹರಿಸುತ್ತ ನಿಧಾನವಾಗಿ ಆರಿಸಬೇಕು. ಒಳ್ಳೆಯ ಕುಲುಮೆಯಿದ್ದ ಪದವಿ ಕಾಲೇಜಿನಲ್ಲೂ ಇದು ಸಾಧ್ಯ. (ಬೇರಿಯಂ ಕಾರ್ಬೊನೇಟ್ ವಿಷ, ಮೇಷ್ಟ್ರು ಪಕ್ಕದಲ್ಲೇ ಇರಲಿ.) ಪಶು ಆಸ್ಪತ್ರೆಯಲ್ಲಿರುವಂಥ ದ್ರವ ಸಾರಜನಕವನ್ನು ಸುರಿದರೆ ಬಿಲ್ಲೆಯ ಮೇಲಿಟ್ಟ ಸಣ್ಣ ಆಯಸ್ಕಾಂತ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ.

ಆರಿಸುವಾಗ ಆಮ್ಲಜನಕ ಕಡಿಮೆಯಾದರೆ ಮಾತ್ರ ಎಲ್ಲ ಕೆಟ್ಟಿತು. ಸೂತ್ರದಲ್ಲಿ ಆಮ್ಲಜನಕದ ಸಂಖ್ಯೆ 7ರ ಹತ್ತಿರವಿದ್ದರೆ ಅದು 93 ಕೆಲ್ವಿನ್‌ನ ಅತಿವಾಹಕ, 6ಕ್ಕಿಳಿದರೆ ವಿದ್ಯುತ್ತೇ ಹರಿಯದ ಅವಾಹಕ. ಬಣ್ಣ ನೋಡಿ ಹೇಳಲಾಗುವುದಿಲ್ಲ, ಎರಡೂ ಕಪ್ಪೇ. ಹಾಗಾದರೆ ಆ ಆಮ್ಲಜನಕ ಹರಳಿನಲ್ಲಿ ಕೂತಿರುವುದೆಲ್ಲಿ? ಎಕ್ಸ್-ರೇ ಇಲ್ಲಿ ತಡವರಿಸುತ್ತದೆ. ಅದು ಕಾಣುವುದು ಎಲೆಕ್ಟ್ರಾನುಗಳನ್ನು. 56 ಎಲೆಕ್ಟ್ರಾನುಗಳ ಬೇರಿಯಂ ಪಕ್ಕದಲ್ಲಿ 8 ಎಲೆಕ್ಟ್ರಾನುಗಳ ಆಮ್ಲಜನಕ ಮಂಕಾಗುತ್ತದೆ. ರಿಯಾಕ್ಟರಿನಿಂದ ಹೊರಬರುವ ನ್ಯೂಟ್ರಾನಿಗೆ ಎಲೆಕ್ಟ್ರಾನುಗಳ ಎಣಿಕೆ ಬೇಕಿಲ್ಲ. ಅದು ಪರಮಾಣುವಿನ ಬೀಜಕ್ಕೇ ತಾಗಿ ಚದುರುತ್ತದೆ, ಮತ್ತು ಅದನ್ನು ಚದುರಿಸುವುದರಲ್ಲಿ ಆಮ್ಲಜನಕವು ಬೇರಿಯಂಗಿಂತ ಒಂದು ಕೈ ಮೇಲು. ತಾಮ್ರ-ಆಮ್ಲಜನಕದ ಹಾಳೆಗಳು, ಅವುಗಳ ನಡುವೆ ಸರಪಳಿಗಳು, ಆ ಸರಪಳಿಗಳಲ್ಲಿ ಬಂದು ಹೋಗುವ ಆಮ್ಲಜನಕ: ಈ ಇಡೀ ನಕ್ಷೆ 1987ರಲ್ಲೇ ನ್ಯೂಟ್ರಾನುಗಳಿಂದ ದೊರೆಯಿತು.

ನ್ಯೂಟ್ರಾನಿಗೆ ಇನ್ನೊಂದು ಗುಣವಿದೆ, ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು. ವಿದ್ಯುದಾವೇಶ ಇಲ್ಲದಿದ್ದರೂ ಅದೊಂದು ಅತಿ ಪುಟ್ಟ ಕಾಂತ. ಹಾಗಾಗಿ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದರದೇ ಪುಟ್ಟ ಕಾಂತ, ಯಾವ ಕಡೆಗಿದೆ, ಹೇಗೆ ಅಲುಗುತ್ತಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 2200 ಮೀಟರ್ ಓಡುವ ನ್ಯೂಟ್ರಾನಿನ ತರಂಗಾಂತರ ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರದಷ್ಟೇ ಇರುತ್ತದೆ, ಅದರ ಶಕ್ತಿ ಆ ಪರಮಾಣುಗಳ ಕಂಪನದ ಶಕ್ತಿಗೆ ಸರಿಹೊಂದುತ್ತದೆ. ಹೋಗುವಾಗ ಎಷ್ಟು ಶಕ್ತಿ ಇತ್ತು, ಚದುರಿ ಹೊರಬಂದಾಗ ಎಷ್ಟಿದೆ ಎಂದು ಅಳೆದರೆ ಒಳಗೆ ಏನು ಅಲುಗಿತೆಂಬುದು ಗೊತ್ತಾಗುತ್ತದೆ. ಇದಕ್ಕೆಂದೇ ಮೂರು ಅಕ್ಷಗಳ ಸ್ಪೆಕ್ಟ್ರೊಮೀಟರ್ ಕಟ್ಟಿದವರು ಕೆನಡಾದ ಬ್ರಾಕ್‌ಹೌಸ್. 1994ರಲ್ಲಿ ಅವರಿಗೆ ನೊಬೆಲ್ ಬಂತು. 1950ರ ದಶಕದಲ್ಲಿ ಅವರ ಜೊತೆ ದುಡಿದು ಬಂದ ಪಿ.ಕೆ. ಅಯ್ಯಂಗಾರ್ ಮುಂಬೈನ ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ ಈ ವಿದ್ಯೆಯನ್ನು ಬೆಳೆಸಿದರು.

ಟ್ರಾಂಬೆಯ ಕಥೆಯಲ್ಲಿ ಕನ್ನಡಿಗರೊಬ್ಬರು ಮೊದಲಿನಿಂದಲೂ ಇದ್ದಾರೆ. ತುಮಕೂರು ಸೀಮೆಯ ರಾಜಾ ರಾಮಣ್ಣ, ಪಿಯಾನೊ ನುಡಿಸುತ್ತಿದ್ದ ಭೌತವಿಜ್ಞಾನಿ, 1956ರಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆದ ಕಾಲದಲ್ಲೇ ನ್ಯೂಟ್ರಾನ್ ಪ್ರಯೋಗಗಳಲ್ಲಿ ತೊಡಗಿದ್ದರು. 1985ರ ಆಗಸ್ಟಿನಲ್ಲಿ 100 ಮೆಗಾವಾಟ್‌ನ ಧ್ರುವ ರಿಯಾಕ್ಟರ್ ಶುರುವಾದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು ಅವರೇ. ಆದರೆ ಇಂಧನ ಜೋಡಣೆಗಳು ಕಂಪಿಸುವ ತೊಂದರೆಯಿಂದ ಧ್ರುವ ಪೂರ್ಣ ಶಕ್ತಿಗೆ ಬಂದದ್ದು 1988ರಲ್ಲಿ. ಜಗತ್ತಿಗೆ ಅತಿವಾಹಕದ ಜ್ವರ ಏರಿದ ವರ್ಷದಲ್ಲೇ ನಮ್ಮ ದೊಡ್ಡ ರಿಯಾಕ್ಟರ್ ಹಾಸಿಗೆ ಹಿಡಿದಿತ್ತು ಎನ್ನಬೇಕು.

ಆ ಜ್ವರದ ವರ್ಷ, 1987ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ವಿಷಯ ಬೇರೆಯೇ, ಸೀರಿಯಂನಂಥ ಲೋಹಗಳ ವಿಚಿತ್ರ ಕಾಂತಗುಣ. ಅಲ್ಲಿಗೆ ಬಂದಿದ್ದ ಪ್ರಿನ್ಸ್‌ಟನ್ನಿನ ಫಿಲಿಪ್ ಆಂಡರ್ಸನ್ ಹೊಸ ತಾಮ್ರದ ಆಕ್ಸೈಡಿನ ಬಗ್ಗೆ ತಮ್ಮ ಊಹೆಯೊಂದನ್ನು ಮುಂದಿಟ್ಟರು. ಇಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಸುವುದು ಪರಮಾಣುಗಳ ಕಂಪನವಲ್ಲ. ತಾಮ್ರದ ಸ್ಪಿನ್‌ಗಳು ಯಾವ ಕ್ರಮಕ್ಕೂ ಕಟ್ಟುಬೀಳದೆ ಜೋಡಿ ಜೋಡಿಯಾಗಿ ಜೊತೆ ಬದಲಿಸುತ್ತಿರುತ್ತವೆ, ಆ ಜೋಡಿಗಳೇ ಮುಂದೆ ಅತಿವಾಹಕತೆಗೆ ತಿರುಗುತ್ತವೆ ಎಂಬುದು ಅದರ ತಿರುಳು. ಆ ಕಲ್ಪನೆಯನ್ನು ಅವರೊಡನೆ ಸಿದ್ಧಾಂತವಾಗಿ ಬೆಳೆಸಿದವರಲ್ಲಿ ತಮಿಳುನಾಡಿನ ಜಿ. ಬಾಸ್ಕರನ್ ಪ್ರಮುಖರು.

ಊಹೆಯನ್ನು ಒರೆಗೆ ಹಚ್ಚಿದ್ದು ನ್ಯೂಟ್ರಾನ್. ಕೆಲವೇ ತಿಂಗಳಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಿಯಾಕ್ಟರಿನಲ್ಲಿ ಡೇವಿಡ್ ವಾಕ್ನಿನ್, ಸುನಿಲ್ ಸಿನ್ಹಾ ಮತ್ತಿತರರು ಈ ಕುಟುಂಬದ ಮೂಲ ವಸ್ತುವಾದ ಲ್ಯಾಂಥನಂ ತಾಮ್ರದ ಆಕ್ಸೈಡನ್ನು ಪರೀಕ್ಷಿಸಿದರು. ಸ್ಪಿನ್‌ಗಳಿಗೆ ಕ್ರಮವಿತ್ತು. ಚದುರಂಗದ ಮಣೆಯ ಕಪ್ಪು ಬಿಳಿ ಮನೆಗಳ ಹಾಗೆ ಒಂದು ಮೇಲ್ಮುಖ, ಪಕ್ಕದ್ದು ಕೆಳಮುಖ. ಬೆಂಗಳೂರಿನಲ್ಲಿ ಆಡಿದ ಮಾತು ಮೂಲ ವಸ್ತುವಿನ ಮಟ್ಟಿಗೆ ನಿಲ್ಲಲಿಲ್ಲ. ಹಾಗೆಂದು ಆಂಡರ್ಸನ್ ಸೋತರೆನ್ನಲೂ ಬಾರದು. ಲ್ಯಾಂಥನಂ ಜಾಗದಲ್ಲಿ ಒಂದಿಷ್ಟು ಸ್ಟ್ರಾನ್ಶಿಯಂ ಸೇರಿಸಿದರೆ ಆ ಕ್ರಮ ಕುಸಿಯುತ್ತದೆ, ಆದರೆ ಸ್ಪಿನ್‌ಗಳ ಅಲುಗಾಟ ಉಳಿಯುತ್ತದೆ, ಅದರ ನೆರೆಯಲ್ಲೇ ಅತಿವಾಹಕತೆ ಹುಟ್ಟುತ್ತದೆ. ಕಾಂತಗುಣಕ್ಕೂ ಅತಿವಾಹಕತೆಗೂ ನಂಟಿದೆ ಎಂಬ ಅವರ ಪಟ್ಟು ಗಟ್ಟಿಯಾಗಿಯೇ ಉಳಿಯಿತು.

1991ರಲ್ಲಿ ಫ್ರಾನ್ಸಿನಿಂದ ಇನ್ನೂ ಬಲವಾದ ಸಾಕ್ಷಿ ಬಂತು. ರೋಸಾ-ಮಿನ್ಯೊ ಮತ್ತು ಸಂಗಡಿಗರು ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡಿನ ಹರಳನ್ನು ತಣಿಸುತ್ತ ಹೋದಾಗ, ಅತಿವಾಹಕ ಸ್ಥಿತಿಯಲ್ಲಿ ಸುಮಾರು 41 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಸ್ಪಿನ್ ಅಲುಗಾಟದ ಒಂದು ಶಿಖರ ಎದ್ದು ಕಂಡಿತು. 2008ರಲ್ಲಿ ಜಪಾನಿನ ಹೊಸೊನೊ ಗುಂಪು ಕಬ್ಬಿಣದ ಆರ್ಸೆನೈಡಿನಲ್ಲಿ 26 ಕೆಲ್ವಿನ್‌ನ ಅತಿವಾಹಕತೆ ಕಂಡಿತು. ಅದೇ ವರ್ಷ ಆ ಕುಟುಂಬದಲ್ಲೂ ಅಂಥದ್ದೇ ಶಿಖರ ಸಿಕ್ಕಿತು, ಈ ಬಾರಿ 14 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಹತ್ತಿರ. ಸೀರಿಯಂ ಅತಿವಾಹಕಗಳ ಕುಟುಂಬದಲ್ಲೂ ಇದೆ. ಈ ಶಿಖರ ಕಾರಣವೋ ಪರಿಣಾಮವೋ ಎಂಬ ಜಗಳ ಮುಗಿದಿಲ್ಲ. ಮೂರು ಬೇರೆ ಬೇರೆ ಮನೆತನಗಳಲ್ಲಿ ಒಂದೇ ಚಹರೆ ಕಂಡರೆ ಅದನ್ನು ಕಾಕತಾಳೀಯವೆಂದು ತಳ್ಳಿಹಾಕಲು ಮಾತ್ರ ನನಗೆ ಮನಸ್ಸು ಬಾರದು.

ಟ್ರಾಂಬೆಯ ಬಾಗಿಲು ಹೊರಗಿನವರಿಗೆ ಮುಚ್ಚಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧಕರು ಧ್ರುವದ ನ್ಯೂಟ್ರಾನುಗಳನ್ನು ಬಳಸಲೆಂದೇ ಯುಜಿಸಿ ಮತ್ತು ಪರಮಾಣು ಶಕ್ತಿ ಇಲಾಖೆ ಸೇರಿ ನಡೆಸುವ ಒಕ್ಕೂಟದ ಮುಂಬೈ ಕೇಂದ್ರವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಕೆರಿಮತ್ತಿಹಳ್ಳಿಯಲ್ಲಿ 2023ರಲ್ಲಿ ಶುರುವಾದ ಹಾವೇರಿ ವಿಶ್ವವಿದ್ಯಾಲಯವಿರಲಿ, ಸಂಶೋಧಕರು ಬರೆದುಕೊಡಬೇಕಾದ್ದು ಇಷ್ಟು: ವಸ್ತು ಯಾವುದು, ಎಕ್ಸ್-ರೇ ಯಾಕೆ ಸಾಲದು, ಪುಡಿ ಎಷ್ಟಿದೆ. ಎಕ್ಸ್-ರೇಗೆ ಚಿಟಿಕೆ ಸಾಕು, ನ್ಯೂಟ್ರಾನಿಗೆ ಗ್ರಾಂಗಟ್ಟಲೆ ಬೇಕು. ಪುಡಿಯನ್ನು ವನೇಡಿಯಂ ಡಬ್ಬಿಯಲ್ಲಿ ತುಂಬುತ್ತಾರೆ, ಯಾಕೆಂದರೆ ಆ ಲೋಹ ನ್ಯೂಟ್ರಾನಿನ ಚಿತ್ರದಲ್ಲಿ ತನ್ನ ಗೆರೆ ಮೂಡಿಸುವುದೇ ಇಲ್ಲವೆನ್ನಬಹುದು. ವಸ್ತುವಿನಲ್ಲಿ ಬೋರಾನ್ ಇದ್ದರೆ ಕಷ್ಟ, ಅದು ನ್ಯೂಟ್ರಾನುಗಳನ್ನು ನುಂಗಿಬಿಡುತ್ತದೆ. 1994ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆರ್. ನಾಗರಾಜನ್, ಎಲ್.ಸಿ. ಗುಪ್ತ ಮತ್ತಿತರರು ಪತ್ತೆಹಚ್ಚಿದ ನಿಕಲ್ ಬೋರೊಕಾರ್ಬೈಡ್ ಅತಿವಾಹಕಗಳ ಕಾಂತಗುಣವನ್ನು ನ್ಯೂಟ್ರಾನಿನಿಂದ ನೋಡಲು, ನುಂಗದ ಬೋರಾನ್-11 ಐಸೊಟೋಪಿನಿಂದ ಮಾದರಿಗಳನ್ನು ಹೊಸದಾಗಿ ಮಾಡಬೇಕಾಯಿತು.

ಧ್ರುವದ ಮಿತಿಯನ್ನೂ ಹೇಳಬೇಕು. ಅದರ ಗರಿಷ್ಠ ನ್ಯೂಟ್ರಾನ್ ಹರಿವು ಚದರ ಸೆಂಟಿಮೀಟರಿಗೆ, ಸೆಕೆಂಡಿಗೆ ಸುಮಾರು 180 ಲಕ್ಷ ಕೋಟಿ. ಫ್ರಾನ್ಸಿನ ಗ್ರೆನೋಬ್ಲ್ ರಿಯಾಕ್ಟರಿನದು ಇದರ ಎಂಟು ಪಟ್ಟು. ಪರಮಾಣುಗಳ ನಕ್ಷೆ, ಕಾಂತಕ್ರಮ ಗುರುತಿಸಲು ನಮ್ಮದು ಸಾಕು. ಸ್ಪಿನ್‌ನ ಸೂಕ್ಷ್ಮ ಅಲುಗಾಟ ಬೇಕೆಂದರೆ ನಮ್ಮವರು ಗ್ರೆನೋಬ್ಲ್‌ಗೋ ಇಂಗ್ಲೆಂಡಿನ ನ್ಯೂಟ್ರಾನ್ ಕೇಂದ್ರವಾದ ಐಸಿಸ್‌ಗೋ ಹರಳು ಹೊತ್ತು ಹೋಗುತ್ತಾರೆ.

ಈಗ ಎಲ್ಲರ ಕಣ್ಣು ನಿಕಲ್ ಆಕ್ಸೈಡುಗಳ ಮೇಲೆ. ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ 1970ರ ದಶಕದಲ್ಲೇ ಲ್ಯಾಂಥನಂ-ನಿಕಲ್, ಲ್ಯಾಂಥನಂ-ತಾಮ್ರದ ಪದರ ಆಕ್ಸೈಡುಗಳಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂದು ಅಳೆಯುತ್ತಿದ್ದರು. ಆ ನಿಕಲ್ ಕುಟುಂಬದ ಒಂದು ವಸ್ತು 2023ರಲ್ಲಿ ಚೀನಾದಲ್ಲಿ ಸುಮಾರು 80 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಷರತ್ತು ಒಂದೇ, ವಾಯುಮಂಡಲದ ಒತ್ತಡದ ಲಕ್ಷಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು. ಅಷ್ಟು ಒತ್ತಡ ಕೊಡುವ ವಜ್ರದ ಇಕ್ಕಳದ ನಡುವೆ ಹಿಡಿಸುವುದು ಕೂದಲೆಳೆಯಷ್ಟು ದಪ್ಪದ ತುಣುಕು. ಗ್ರಾಂ ಲೆಕ್ಕದಲ್ಲಿ ಮಾದರಿ ಬೇಡುವ ನ್ಯೂಟ್ರಾನಿಗೆ ಅದು ಏನೇನೂ ಸಾಲದು. ಸದ್ಯಕ್ಕೆ ನ್ಯೂಟ್ರಾನ್ ಒತ್ತಡವಿಲ್ಲದ ಹರಳನ್ನು ನೋಡುತ್ತಿದೆ.